72 ಗಂಟೆ ದಾಟಿ ಬಂದ ಪತ್ರಕ್ಕೆ

ತಿಪಟೂರು ಕಡೆಯ ಓದುಗರೊಬ್ಬರು ಹೆಸರು ಹಾಕದೆ ಬರೆದಿದ್ದಾರೆ: "ಮದುವೆಯಾಗಿದೆ, ಗಂಡಸರ ಸಂಗವೂ ಇದೆ. ತುಮಕೂರಿನಲ್ಲಿ ಗೆಳೆಯನ ರೂಮಿನಲ್ಲಿ ಕುಡಿದಿದ್ದೆವು. ಶಕ್ತಿ ಬರುತ್ತದೆಂದು ನೀಲಿ ಮಾತ್ರೆ ನುಂಗಿದೆ, ಅವನು ಕೊಟ್ಟ ಸಣ್ಣ ಬಾಟಲಿಯ ಪಾಪರ್ಸ್ ಮೂಸಿದೆ. ಕಣ್ಣು ಕತ್ತಲಿಟ್ಟು ಕುಸಿದೆ. ಕಾಂಡೋಮ್ ಹರಿದದ್ದು ಬೆಳಿಗ್ಗೆ ಗೊತ್ತಾಯಿತು. ಹತ್ತು ದಿನವಾಯಿತು, ಆಸ್ಪತ್ರೆಗೆ ಹೋಗಲು ನಾಚಿಕೆ. ಕುಡಿತ ಬಿಟ್ಟುಬಿಟ್ಟರೆ ಸಾಕೇ?"

ಪ್ರಿಯ ಓದುಗರೇ,

ನಿಮ್ಮ ಪತ್ರ ನಮಗೆ ತಲುಪುವ ಹೊತ್ತಿಗೆ ಒಂದು ಅವಕಾಶ ಕೈತಪ್ಪಿತ್ತು. ಇದನ್ನು ಓದುವ ಇನ್ನೊಬ್ಬರಿಗಾದರೂ ಸಮಯಕ್ಕೆ ಒದಗಲಿ ಎಂದು ಅದನ್ನೇ ಮೊದಲು ಹೇಳುತ್ತೇವೆ. ಕಾಂಡೋಮ್ ಹರಿದ 72 ಗಂಟೆಯೊಳಗೆ ಪೆಪ್ ಎಂಬ ಔಷಧ ಶುರುಮಾಡಿದರೆ ಎಚ್‌ಐವಿ ಮೈಯಲ್ಲಿ ನೆಲೆಯೂರುವುದನ್ನು ಬಹುಮಟ್ಟಿಗೆ ತಡೆಯಬಹುದು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 28 ದಿನ. ರಾತ್ರಿಯಾದರೆ ಜಿಲ್ಲಾಸ್ಪತ್ರೆಯ ತುರ್ತು ವಿಭಾಗದಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ ಖಾಸಗಿ ವೈದ್ಯರಿಂದ ಚೀಟಿ ಬರೆಸಿ ಕೊಳ್ಳಿ. ಅಮಲು ಇಳಿಯಲಿ, ಸೋಮವಾರ ನೋಡೋಣ ಎಂದುಕೊಂಡರೆ ಈ ಗಂಟೆಗಳು ಹೋದವೆಂದೇ ಲೆಕ್ಕ.

ನೀವು ಈಗ ಮಾಡಬೇಕಾದದ್ದು ಪರೀಕ್ಷೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಊರಲ್ಲಿ ಗುರುತಿನವರು ಸಿಕ್ಕಾರೆಂಬ ಅಳುಕಿದ್ದರೆ ರೈಲು ಹತ್ತಿ ತುಮಕೂರಿಗೆ ಬನ್ನಿ, ನಿಮ್ಮ ತಾಲ್ಲೂಕಿನಲ್ಲೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಡಬೇಕು ಎನ್ನುತ್ತದೆ 2017ರ ಎಚ್‌ಐವಿ ಕಾಯ್ದೆ. ಗಂಡಸರ ನಡುವಿನ ಒಪ್ಪಿತ ಸಂಬಂಧ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಪರಾಧವೂ ಅಲ್ಲ. ಇಂದಿನ ಪರೀಕ್ಷೆ ಹೇಳುವುದು ಹಿಂದಿನ ಸ್ಥಿತಿಯನ್ನು ಮಾತ್ರ. ಆ ರಾತ್ರಿಯದು ತಿಳಿಯಲು 6 ವಾರಕ್ಕೆ ಒಮ್ಮೆ, 3 ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಮನೆಯಾಕೆಯೊಂದಿಗೂ ಕಾಂಡೋಮ್ ಬಳಸಲೇಬೇಕು. ನಡುವೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ ಕಂಡರೆ ದಿನ ಎಣಿಸುತ್ತ ಕೂರಬೇಡಿ, ಕೂಡಲೇ ಹೋಗಿ.

ಗುದಸಂಭೋಗವಾಗಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ವೈದ್ಯರು ಮುಂದಿನ ಭಾಗವನ್ನಷ್ಟೇ ನೋಡಿ ಕಳಿಸಿಬಿಡಬಹುದು. ಗುದದೊಳಗಿನ ಗೊನೋರಿಯಾ, ಕ್ಲಾಮಿಡಿಯಾ ಎಂಬ ಲೈಂಗಿಕ ಸೋಂಕುಗಳು ಎಷ್ಟೋ ಸಲ ನೋವನ್ನೂ ಕೊಡುವುದಿಲ್ಲ, ಕೀವನ್ನೂ ತೋರುವುದಿಲ್ಲ. ಸಿಫಿಲಿಸ್ ಹುಣ್ಣೂ ಸಾಮಾನ್ಯವಾಗಿ ನೋಯುವುದಿಲ್ಲ; ತಾನಾಗಿ ಮಾಯುತ್ತದೆ, ರೋಗ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಪೆನಿಸಿಲಿನ್ ಇಂಜೆಕ್ಷನ್‌ಗೆ ಅದು ಗುಣವಾಗುತ್ತದೆ. ಹೆಪಟೈಟಿಸ್ ಬಿ, ಸಿ ಪರೀಕ್ಷೆಯನ್ನೂ ಕೇಳಿ. ಬಿ ಇಲ್ಲವೆಂದಾದರೆ ಮೊದಲ ದಿನ, 1 ತಿಂಗಳಿಗೆ, 6 ತಿಂಗಳಿಗೆ ಹೀಗೆ ಮೂರು ಲಸಿಕೆ ಹಾಕಿಸಿಕೊಳ್ಳಿ.

ನೀವು ಕುಸಿದದ್ದೇಕೆ? ನೀಲಿ ಮಾತ್ರೆ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಇರಬೇಕು. ಅದೂ, ಮೂಸುವ ನೈಟ್ರೈಟ್ ದ್ರವವಾದ ಪಾಪರ್ಸೂ ಎರಡೂ ರಕ್ತನಾಳ ಹಿಗ್ಗಿಸುತ್ತವೆ. ಒಟ್ಟಿಗೆ ಸೇರಿದರೆ ಬಿಪಿ ಪಾತಾಳಕ್ಕಿಳಿಯುತ್ತದೆ, ಮದ್ಯ ಅದನ್ನು ಇನ್ನಷ್ಟು ಕೆಳಗೆಳೆಯುತ್ತದೆ. ಪ್ರಾಣವೇ ಹೋಗಬಹುದು. ಈ ಜೋಡಿ ಇನ್ನೆಂದೂ ಬೇಡ. ಆ ಮಾತ್ರೆ ನುಂಗಿದ ಮೇಲೆ ಎದೆನೋವು ಬಂದರೆ, ನುಂಗಿದ್ದೇನೆ ಎಂದು ವೈದ್ಯರಿಗೆ ಮೊದಲೇ ತಿಳಿಸಿ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ ಆಗ ಅಪಾಯ. ಕುಸಿದ ಮೇಲೂ ನಿಮ್ಮ ಮೈಮೇಲೆ ಏನಾದರೂ ನಡೆದಿದ್ದರೆ ಅದಕ್ಕೆ ನಿಮ್ಮ ಒಪ್ಪಿಗೆ ಇರಲಿಲ್ಲ, ತಪ್ಪೂ ನಿಮ್ಮದಲ್ಲ. ಐಸಿಟಿಸಿಯ ಆಪ್ತಸಮಾಲೋಚಕರಿಗೆ ಅದನ್ನೂ ಹೇಳಬಹುದು.

ಕಾಂಡೋಮ್ ಹರಿಯಲು ನಮ್ಮ ಕಡೆ ಒಂದು ದೊಡ್ಡ ಕಾರಣವಿದೆ: ಕೊಬ್ಬರಿ ಎಣ್ಣೆ. ಕಲ್ಪತರು ನಾಡಿನಲ್ಲಿ ಅದಿಲ್ಲದ ಮನೆಯಿಲ್ಲ, ಕತ್ತಲಲ್ಲಿ ಕೈಗೆ ಮೊದಲು ಸಿಗುವುದೂ ಅದೇ. ಎಣ್ಣೆ, ವ್ಯಾಸಲೀನ್ ಯಾವುದು ತಾಕಿದರೂ ಕಾಂಡೋಮಿನ ರಬ್ಬರ್ (ಲೇಟೆಕ್ಸ್) ಕೆಲವೇ ನಿಮಿಷದಲ್ಲಿ ಬಲ ಕಳೆದುಕೊಳ್ಳುತ್ತದೆ. ಔಷಧದ ಅಂಗಡಿಯಲ್ಲಿ ನೀರು ಆಧಾರಿತ ಜೆಲ್ ಕೇಳಿ, ಒಣಗಿದಾಗಲೆಲ್ಲ ಮತ್ತೆ ಹಚ್ಚಿ. ಒಂದರ ಮೇಲೊಂದು ಎರಡು ಕಾಂಡೋಮ್ ಹಾಕಿದರೆ ತಿಕ್ಕಾಡಿ ಎರಡೂ ಹರಿಯಬಹುದು. ಕುಡಿದಾಗ ಹೊತ್ತು ಹೆಚ್ಚಾಗುತ್ತದೆ, ನೋವು ತಿಳಿಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಹೊಸದು ಹಾಕಿ. ಇದೆಲ್ಲ ಅಮಲೇರಿದ ತಲೆಗೆ ಹೊಳೆಯದು. ಜೆಲ್ಲೂ ಕಾಂಡೋಮೂ ಮೊದಲ ಗ್ಲಾಸಿಗೆ ಮುನ್ನವೇ ದಿಂಬಿನ ಪಕ್ಕ ಇರಬೇಕು.

ಇಂಥ ರಾತ್ರಿಗಳು ಮತ್ತೆ ಬರುತ್ತವೆ ಎನಿಸಿದರೆ ಪ್ರೆಪ್ ಬಗ್ಗೆ ವೈದ್ಯರನ್ನು ಕೇಳಿ. ಎಚ್‌ಐವಿ ಇಲ್ಲದವರು ಮುಂಚಿತವಾಗಿ ನುಂಗುವ ಮಾತ್ರೆ ಅದು. ಶುರುವಿಗೆ ಮುನ್ನ ಎಚ್‌ಐವಿ, ಕಿಡ್ನಿ, ಹೆಪಟೈಟಿಸ್ ಬಿ ನೋಡಬೇಕು. ಆಗಲೂ ಕಾಂಡೋಮ್ ಬಿಡುವಂತಿಲ್ಲ, ಸಿಫಿಲಿಸ್‌ ಅನ್ನು ಪ್ರೆಪ್ ತಡೆಯುವುದಿಲ್ಲ.

ಕೊನೆಗೆ ನಿಮ್ಮ ಪ್ರಶ್ನೆ. ಕುಡಿತ ಬಿಟ್ಟರೆ ಸಾಲದು, ಪರೀಕ್ಷೆ ಆಗಲೇಬೇಕು. ಬಿಡುವುದಾದರೂ ಹೇಗೆಂದು ನೋಡಿಕೊಳ್ಳಿ. ವಾರಕ್ಕೊಮ್ಮೆ ಕುಡಿಯುವವರು ಇಂದೇ ನಿಲ್ಲಿಸಬಹುದು. ದಿನವೂ ಕುಡಿದು, ಬೆಳಿಗ್ಗೆ ಕೈ ನಡುಗುವವರು ಏಕಾಏಕಿ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು. ಅಂಥವರು ಮನೋವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಂಡು ಬಿಡಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಎಚ್‌ಐವಿ ವಿಚಾರಕ್ಕೆ 1097 ಇದೆ, ಎರಡೂ ಉಚಿತ. ನಾಚಿಕೆಗೆ ಕಾಲು ಹಿಂಜರಿದರೆ ಮೊದಲು 1097ಕ್ಕೆ ಫೋನ್ ಮಾಡಿ, ಯಾವ ಆಸ್ಪತ್ರೆ, ಯಾವ ವೇಳೆ ಎಂದು ಕೇಳಿಕೊಂಡೇ ಹೊರಡಿ.

— ಸಂಪಾದಕರು