ಟೆಂಟಿನಲ್ಲಿ ಇಬ್ಬರ ಹಾಸಿಗೆ: ಚಳಿ ಆಗುವವರ ಮಾತೇ ಕೊನೆ

ನವೆಂಬರ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನವು. ಗಂಡ ಹೆಂಡತಿ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೋಗಿ ಟೆಂಟ್ ಹಾಕುತ್ತಾರೆ, ರಾತ್ರಿಯೆಲ್ಲ ನಡುಗುತ್ತಾರೆ, ಊರಿಗೆ ಬಂದು ಹೊದ್ದ ರಗ್ಗನ್ನು ಬೈಯುತ್ತಾರೆ. ಟೆಂಟ್ ಹಾಕುವುದು ಹೇಗೆ, ಗೂಟ ಹೊಡೆಯುವುದು ಹೇಗೆ ಎಂದು ಇಲ್ಲಿ ಹೇಳಿಕೊಡುವುದಿಲ್ಲ. ಹಾಸಿಗೆಯ ವಿಷಯ ಮಾತ್ರ.

ಪ್ರಶ್ನೆ: ನಮ್ಮಿಬ್ಬರಿಗೂ ಕ್ಯಾಂಪಿಂಗ್ ಹುಚ್ಚು. ನನಗೆ ಫ್ಯಾನ್ ಇಲ್ಲದೆ ನಿದ್ದೆ ಬರಲ್ಲ, ನನ್ನ ಹೆಂಡತಿಗೆ ಸ್ವಲ್ಪ ಚಳಿಯೂ ತಡೆಯಲ್ಲ. ಹೋದ ವರ್ಷ ಮೂಡಿಗೆರೆ ಹತ್ತಿರ ಏರ್ ಬೆಡ್ ಹಾಕಿ, ಎರಡು ದಪ್ಪ ರಗ್ಗು ಹೊದ್ದು ಮಲಗಿದೆವು. ಅವಳಿಗೆ ಕಣ್ಣು ಮುಚ್ಚಲಾಗಲಿಲ್ಲ. ಈ ಡಿಸೆಂಬರ್ ಕೊನೆಗೆ ಉತ್ತರಾಖಂಡದ ಹಿಮದ ಬೆಟ್ಟ ಕೇದಾರಕಂಠಕ್ಕೆ ಟ್ರೆಕ್ ಹೊರಟಿದ್ದೇವೆ. ‘ಮೈನಸ್ 10’ ಎಂದು ಬರೆದಿರುವ ಡಬಲ್ ಸ್ಲೀಪಿಂಗ್ ಬ್ಯಾಗ್ ನೋಡಿಟ್ಟಿದ್ದೇನೆ. ತಗೊಳ್ಳಲಾ? (ದಾವಣಗೆರೆಯ ಓದುಗರು)

ಉತ್ತರ: ಬೇಡ. ಮೊದಲು ಆ ಏರ್ ಬೆಡ್ ವಿಷಯ ಮುಗಿಸೋಣ.

ನಿಮ್ಮ ಮನೆಯವರಿಗೆ ಚಳಿ ಹೊಡೆದದ್ದು ಮೇಲಿಂದ ಅಲ್ಲ, ಕೆಳಗಿಂದ. ಏರ್ ಬೆಡ್ ಒಳಗೆ ಇರುವುದು ಬರೀ ಗಾಳಿ. ಮೈ ತಾಗುವ ಕಡೆ ಅದು ಬಿಸಿಯಾಗುತ್ತದೆ, ನೆಲ ತಾಗುವ ಕಡೆ ತಣ್ಣಗಾಗುತ್ತದೆ, ನೀವು ಮಗ್ಗುಲು ಬದಲಿಸಿದಾಗಲೆಲ್ಲ ಒಳಗೇ ಓಡಾಡುತ್ತದೆ. ರಾತ್ರಿಯಿಡೀ ನಿಮ್ಮ ಮೈಯ ಶಾಖವನ್ನು ನೆಲಕ್ಕೆ ಸಾಗಿಸುವುದೇ ಅದರ ಕೆಲಸ. ಮೇಲೆ ನಾಲ್ಕು ರಗ್ಗು ಹೊದ್ದರೂ ಅಷ್ಟೇ. ಮೈ ಕೆಳಗೆ ಹಾಸುವ ಮ್ಯಾಟ್ ಸರಿಯಿಲ್ಲದೆ ಹೊದಿಕೆ ಹೆಚ್ಚಿಸುವುದು, ಮಾಳಿಗೆ ಸೋರುವಾಗ ಗೋಡೆಗೆ ಬಣ್ಣ ಬಳಿದ ಹಾಗೆ. ಸ್ಲೀಪಿಂಗ್ ಬ್ಯಾಗ್ ಒಳಗೆ ಮಲಗಿದರೂ ಬೆನ್ನಿನ ಕೆಳಗಿನ ಸಿಂಥೆಟಿಕ್ ಎಳೆ, ಪುಕ್ಕ ಎಲ್ಲ ನಿಮ್ಮ ಭಾರಕ್ಕೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಬೆಚ್ಚಗಿಡುವುದಿಲ್ಲ. ಆ ಜಾಗದಲ್ಲಿ ನಿಮ್ಮನ್ನು ಕಾಯುವುದು ಮ್ಯಾಟ್ ಒಂದೇ.

ಒಳ್ಳೆಯ ಮ್ಯಾಟ್ ಮೇಲೆ ‘ಆರ್ ವ್ಯಾಲ್ಯೂ’ ಎಂದು ಒಂದು ಅಂಕಿ ಇರುತ್ತದೆ. ಶಾಖ ಕೆಳಗೆ ಹೋಗದಂತೆ ಎಷ್ಟು ತಡೆಯುತ್ತದೆ ಎನ್ನುವುದರ ಲೆಕ್ಕ ಅದು. ಜಾಸ್ತಿ ಇದ್ದಷ್ಟೂ ಬೆಚ್ಚಗೆ. ಮಡಚುವ ಒಳ್ಳೆ ಫೋಮ್ ಮ್ಯಾಟಿಗೆ ಸುಮಾರು 2 ಇರುತ್ತದೆ. ಮಲೆನಾಡಿನ ಡಿಸೆಂಬರಿಗೆ ಅಷ್ಟು ಸಾಕು, ಚಳಿ ತಡೆಯದವರಿಗೆ 3 ಇರಲಿ. ಹಿಮದ ಮೇಲೆ ಮಲಗುವುದಾದರೆ 5ಕ್ಕಿಂತ ಕಡಿಮೆ ಬೇಡ. ಇಲ್ಲಿ ಒಂದು ಅನುಕೂಲ ಇದೆ. ಒಂದರ ಮೇಲೊಂದು ಹಾಸಿದರೆ ಈ ಅಂಕಿಗಳು ಕೂಡುತ್ತವೆ. ಕೆಳಗೆ 2ರ ಫೋಮ್, ಅದರ ಮೇಲೆ ಒಳಗೆ ಶಾಖ ತಡೆಯುವ ಪದರ ಇರುವ 3.5ರ ಗಾಳಿ ಮ್ಯಾಟ್ ಹಾಕಿದರೆ 5.5 ಆಯಿತು. ಗಾಳಿ ಮ್ಯಾಟ್ ತೂತಾದರೂ ಕೆಳಗಿನ ಫೋಮ್ ಇರುತ್ತದೆ. ನಾನು ಈ ವಿಷಯದಲ್ಲಿ ಸ್ವಲ್ಪ ಪುಕ್ಕಲು, ಹಿಮದಲ್ಲಿ ಬರೀ ಗಾಳಿ ಮ್ಯಾಟ್ ನಂಬಿ ಯಾರನ್ನೂ ಮಲಗಿಸುವುದಿಲ್ಲ.

ಇನ್ನು ಆ ‘ಮೈನಸ್ 10’. ಯಾವ ಮೈನಸ್ 10 ಎಂದು ಅಂಗಡಿಯವರನ್ನು ಕೇಳಿದ್ದೀರಾ? ಸ್ಲೀಪಿಂಗ್ ಬ್ಯಾಗಿಗೆಂದೇ ಇರುವ ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪರೀಕ್ಷೆಯಾದ ಬ್ಯಾಗಿಗೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಬೇರೆ ಬೇರೆ ಅಂಕಿ ಇರುತ್ತವೆ. ಕಂಫರ್ಟ್ ಎಂದರೆ ಸಾಮಾನ್ಯ ಮೈಕಟ್ಟಿನ ಹೆಣ್ಣುಮಗಳು ಆರಾಮಾಗಿ ಮಲಗಬಹುದಾದ ಚಳಿ. ಲಿಮಿಟ್ ಎಂದರೆ ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಚಳಿ. ಎಕ್ಸ್‌ಟ್ರೀಮ್ ಎಂದರೆ ನಿದ್ದೆಯ ಮಾತೇ ಇಲ್ಲ, ಕೆಲವು ಗಂಟೆ ಜೀವ ಉಳಿದೀತು ಅಷ್ಟೇ. ಅಗ್ಗದ ಬ್ಯಾಗಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವುದು ಬಹಳ ಸಲ ಈ ಕೊನೆಯ ಅಂಕಿಯನ್ನೇ. ಎಕ್ಸ್‌ಟ್ರೀಮ್ ಮೈನಸ್ 10 ಇದ್ದರೆ, ಕಂಫರ್ಟ್ ಸಾಮಾನ್ಯವಾಗಿ ಸೊನ್ನೆಗಿಂತ ಐದಾರು ಡಿಗ್ರಿ ಮೇಲೇ ಇರುತ್ತದೆ. ಅಂದರೆ ಅದು ಕೊಡಗಿನ ಬ್ಯಾಗ್, ಕೇದಾರಕಂಠದ್ದಲ್ಲ. ಯಾವ ಪರೀಕ್ಷೆಯ ಹೆಸರೂ ಇಲ್ಲದೆ ಬರೀ ಒಂದು ಅಂಕಿ ಇದ್ದರೆ ಅದನ್ನು ಬ್ಯಾಗಿನ ಅಲಂಕಾರ ಅಂದುಕೊಳ್ಳಿ.

ಈಗ ಡಬಲ್ ಬ್ಯಾಗ್. ಜಾಹೀರಾತಿನಲ್ಲಿ ಇಬ್ಬರೂ ನಗುತ್ತಾ ಒಂದೇ ಬ್ಯಾಗಿನಲ್ಲಿ ಮಲಗಿರುತ್ತಾರೆ. ಅವರಿಬ್ಬರ ಕುತ್ತಿಗೆ ನಡುವೆ ಒಂದು ಸಂದು ಇರುತ್ತದೆ, ಅದನ್ನು ಗಮನಿಸಿ. ಒಬ್ಬರು ಮಗ್ಗುಲಾದರೆ ಆ ಸಂದಿನಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ, ತಣ್ಣನೆಯದು ನೇರ ಇನ್ನೊಬ್ಬರ ಭುಜಕ್ಕೆ ಬರುತ್ತದೆ. ಸೆಕೆ ಆಗಿ ನೀವು ಹೊದಿಕೆ ಸರಿಸಿದರೆ ಅವರ ಹೊದಿಕೆಯೂ ಸರಿಯುತ್ತದೆ. ಒಬ್ಬೊಬ್ಬರೇ ಹೋಗುವ ದಿನ ಆ ಡಬಲ್ ಬ್ಯಾಗ್ ಸುಮ್ನೆ ಹೊರೆ.

ಅದರ ಬದಲು ಎರಡು ಬೇರೆ ಬ್ಯಾಗ್ ತೆಗೆದುಕೊಳ್ಳಿ, ಒಂದಕ್ಕೊಂದು ಜಿಪ್ ಕೂಡುವಂಥವು. ಒಂದಕ್ಕೆ ಎಡಗಡೆ ಜಿಪ್, ಇನ್ನೊಂದಕ್ಕೆ ಬಲಗಡೆ. ಜಿಪ್ಪಿನ ಅಳತೆ, ಉದ್ದ, ಕಂಪನಿ ಒಂದೇ ಇರಬೇಕು. ಅಂಗಡಿಯಲ್ಲೇ ನೆಲಕ್ಕೆ ಹಾಸಿ, ಕಾಲಿನ ತುದಿಯಿಂದ ಕುತ್ತಿಗೆವರೆಗೆ ಜಿಪ್ ಎಳೆದು ನೋಡಿ. ನಾಚಿಕೆ ಬೇಡ, ದುಡ್ಡು ಕೊಡುವವರು ನೀವು. ಹೀಗೆ ತೆಗೆದುಕೊಂಡರೆ ನಿಮಗೆ ತೆಳು ಬ್ಯಾಗ್, ಅವರಿಗೆ ದಪ್ಪ ಬ್ಯಾಗ್ ಇಡಬಹುದು. ಮಲೆನಾಡಿನಲ್ಲಿ ಕೂಡಿಸಿ ಮಲಗಿ. ಹಿಮದಲ್ಲಿ ಬೇರೆ ಬೇರೆ ಮಲಗಿ, ತಲೆಯ ಟೋಪಿ ಭಾಗದ ದಾರ ಎಳೆದುಕೊಂಡು. ಪ್ರೀತಿ ಏನೂ ಕಡಿಮೆಯಾಗುವುದಿಲ್ಲ.

ಎರಡು ಮ್ಯಾಟ್ ಪಕ್ಕಪಕ್ಕ ಹಾಕಿದರೆ ಅರ್ಧ ರಾತ್ರಿಗೆ ನಡುವೆ ಕಂದಕ ಬೀಳುತ್ತದೆ, ಚಳಿ ಆಗುವವರೇ ಅದರೊಳಗೆ ಜಾರುತ್ತಾರೆ. ಬಟ್ಟೆ ಪಟ್ಟಿಯಿಂದ ಎರಡನ್ನೂ ಸುತ್ತಿ ಕಟ್ಟಿ, ಮೇಲೆ ಒಂದು ಡಬಲ್ ಬೆಡ್‌ಶೀಟ್ ಸಿಕ್ಕಿಸಿ.

ಪುಕ್ಕ ಬೇಕಾ, ಸಿಂಥೆಟಿಕ್ ಬೇಕಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾತುಕೋಳಿಯ ಪುಕ್ಕ ಹಗುರ, ಚಿಕ್ಕದಾಗಿ ಮಡಚುತ್ತದೆ, ಒಣ ಚಳಿಗೆ ಅದರ ಸಮ ಇಲ್ಲ. ಒದ್ದೆಯಾದರೆ ಮುದ್ದೆ. ಮಂಜು ಸುರಿಯುವ ಮಲೆನಾಡಿಗೆ ಸಿಂಥೆಟಿಕ್ ಸಾಕು. ಇನ್ನು ಕೇದಾರಕಂಠಕ್ಕೆ ಹೋಗುವವರಿಗೆ ಟ್ರೆಕ್ ನಡೆಸುವವರೇ ಬ್ಯಾಗ್ ಕೊಡುವುದುಂಟು. ಕೊಳ್ಳುವ ಮೊದಲು ಕಂಫರ್ಟ್ ಅಂಕಿ ಎಷ್ಟು, ಮ್ಯಾಟ್ ಯಾವುದು ಎಂದು ಅವರನ್ನು ಕೇಳಿ. ‘ತುಂಬಾ ಬೆಚ್ಚಗಿರುತ್ತೆ ಸರ್’ ಅನ್ನುವುದು ಉತ್ತರ ಅಲ್ಲ.

ಕೊನೆಗೆ, ಅಂಗಡಿಗೆ ನಿಮ್ಮ ಮನೆಯವರನ್ನು ಕರೆದುಕೊಂಡು ಹೋಗಿ, ಅವರೇ ಆರಿಸಲಿ. ಸೆಕೆ ಆದರೆ ನೀವು ಜಿಪ್ ತೆಗೆದುಕೊಳ್ಳಬಹುದು. ಚಳಿ ಆದರೆ ಅವರು ಏನು ಮಾಡಬೇಕು?

ಪ್ರಶ್ನೆ: ಮಲಗುವ ಮುಂಚೆ ಎರಡು ಪೆಗ್ ಬ್ರಾಂದಿ ಹಾಕಿದರೆ ಚಳಿ ತಡೆಯುತ್ತಾ?

ಉತ್ತರ: ಇಲ್ಲ. ಚರ್ಮದ ರಕ್ತನಾಳ ಹಿಗ್ಗಿ ಮೈ ಬಿಸಿ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ.

ಪ್ರಶ್ನೆ: ಟೆಂಟ್ ಒಳಗೆ ಒಂದು ಅರ್ಧ ಗಂಟೆ ಕೆಂಡದ ಬಾಂಡ್ಲಿ ಇಟ್ಟುಕೊಳ್ಳಬಹುದಾ? ಜಿಪ್ ಸ್ವಲ್ಪ ತೆರೆದಿರುತ್ತೇವೆ.

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ನನಗೆ ಸಿಟ್ಟು ಬರುತ್ತದೆ. ಇದ್ದಿಲ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲಿ ಗೊತ್ತೇ ಆಗದೆ ಕೊಲ್ಲುತ್ತದೆ. ಉತ್ತರ ಭಾರತದಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಸತ್ತವರ ಸುದ್ದಿ ಚಳಿಗಾಲದಲ್ಲಿ ಓದುತ್ತೀರಿ ಅಲ್ವಾ? ಅರ್ಧ ಗಂಟೆ, ಅರ್ಧ ಜಿಪ್ ಎಂಬ ಲೆಕ್ಕಾಚಾರ ಬೇಡ. ಕುದಿಯುವ ನೀರನ್ನು ಬಿಗಿ ಮುಚ್ಚಳದ ಸ್ಟೀಲ್ ಬಾಟಲಿಗೆ ಹಾಕಿ, ದಪ್ಪ ಕಾಲುಚೀಲದಲ್ಲಿ ತೂರಿಸಿ, ಬ್ಯಾಗಿನೊಳಗೆ ಕಾಲ ಬಳಿ ಇಟ್ಟುಕೊಳ್ಳಿ. ಒಂದೇ ಪದರದ ಬಾಟಲಿ ಆಗಬೇಕು, ಫ್ಲಾಸ್ಕ್ ಅಲ್ಲ.

ಪ್ರಶ್ನೆ: ಬಟ್ಟೆ ಇಲ್ಲದೆ ಮಲಗಿದರೆ ಸ್ಲೀಪಿಂಗ್ ಬ್ಯಾಗ್ ಜಾಸ್ತಿ ಬೆಚ್ಚಗಿರುತ್ತಂತೆ?

ಉತ್ತರ: ಸುಳ್ಳು. ಒಣಗಿದ ಥರ್ಮಲ್, ಒಣಗಿದ ಕಾಲುಚೀಲ, ಮಂಕಿ ಕ್ಯಾಪ್ ಹಾಕಿ ಮಲಗಿ.

ಪ್ರಶ್ನೆ: ಅಯಸ್ಕಾಂತದ ಹಾಸಿಗೆ ಮಾರುವವರು ರಕ್ತ ಸಂಚಾರ ಹೆಚ್ಚಿ ಚಳಿಯೇ ಆಗಲ್ಲ ಅನ್ನುತ್ತಾರೆ.

ಉತ್ತರ: ಅವರು ಅದನ್ನೇ ಹಾಸಿಕೊಂಡು ಹಿಮದಲ್ಲಿ ಒಂದು ರಾತ್ರಿ ಮಲಗಿ ಬರಲಿ, ಆಮೇಲೆ ಮಾತಾಡೋಣ.

ಪ್ರಶ್ನೆ: ಕುದುರೆಮುಖದ ತುದಿಯಲ್ಲಿ ಟೆಂಟ್ ಹಾಕಲು ಎಂಥ ಹಾಸಿಗೆ ಬೇಕು?

ಉತ್ತರ: ಅಲ್ಲಿ ರಾತ್ರಿ ಉಳಿಯಲು ಅರಣ್ಯ ಇಲಾಖೆ ಬಿಡುವುದಿಲ್ಲ. ಹೋಂಸ್ಟೇ ಮಂಚ ಸಾಕು.

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಕುರಿ ಕಂಬಳಿ ಇದೆ. ಉಪಯೋಗ ಆಗುತ್ತಾ?

ಉತ್ತರ: ಆಗುತ್ತದೆ, ಕಾರಿನಲ್ಲಿ ಹೋಗುವುದಾದರೆ. ಹೊತ್ತು ನಡೆಯಲು ಭಾರ. ಹೊದೆಯುವುದಕ್ಕಿಂತ ಮ್ಯಾಟ್ ಮೇಲೆ ಹಾಸಿ. ಒರಟು ಉಣ್ಣೆ ಭಾರಕ್ಕೆ ಅಷ್ಟು ಬೇಗ ಚಪ್ಪಟೆಯಾಗುವುದಿಲ್ಲ, ಇಬ್ಬನಿಯಲ್ಲಿ ಸ್ವಲ್ಪ ತೇವವಾದರೂ ಬೆಚ್ಚಗಿಡುತ್ತದೆ. ಚುಚ್ಚುತ್ತದೆ ಅನ್ನುವವರು ಮೇಲೊಂದು ದುಪ್ಪಟಿ ಹಾಕಿಕೊಳ್ಳಿ. ಅಟ್ಟದಿಂದ ಇಳಿಸಿದ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ ಕೊಡವಿ, ನುಸಿ ತಿಂದ ತೂತು ಇದ್ದರೆ ಹೊಲಿಸಿ.