ತರಕಾರಿಯ ಪಕ್ಕ ಬಿಯರ್, ಬೇಳೆಯ ಪಕ್ಕ ಮಾಲ್ಟ್

ನಿನ್ನ ಮೆಸೇಜ್ ಬಂದಾಗ ನಾನು ಉಡುಪಿಯಲ್ಲಿ, ಮನೆಯ ಚಾವಡಿಯಲ್ಲಿ ಕೂತು ಮಳೆ ನೋಡುತ್ತಿದ್ದೆ. ಆಟಿ ತಿಂಗಳು, ಕರೆಂಟ್ ಇಲ್ಲ, ಹಾಗಾಗಿ ಎರಡು ಸಲ ಓದಿದೆ. ಮುಂದಿನ ತಿಂಗಳು ಮಂಗಳೂರು ಬಿಟ್ಟು ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೊರಟಿದ್ದೀಯ. ಕೇಳಿದ್ದು ಮೂರೇ ಪ್ರಶ್ನೆ. "ಅಣ್ಣ, ಅಲ್ಲಿ ದಿನಸಿ ಅಂಗಡಿಯಲ್ಲೇ ಬಿಯರ್ ಸಿಗುತ್ತದಂತೆ, ಮನೆಯಲ್ಲಿ ಬಿಯರ್ ಮಾಡುವ ಸಾಮಾನೂ ಅಲ್ಲೇ ಸಿಗುತ್ತದಂತೆ, ಹೌದಾ? ಮಾಡಿದರೆ ವೀಸಾಕ್ಕೆ ತೊಂದರೆ ಇಲ್ವಾ? ಮೊದಲು ಏನೇನು ತೆಗೆದುಕೊಳ್ಳಬೇಕು?" ಬಾಡಿಗೆ ಮನೆ, ಬ್ಯಾಂಕ್, ಚಳಿ ಬಟ್ಟೆ, ಒಂದರ ಸುದ್ದಿಯೂ ಇಲ್ಲ. ನಗು ಬಂತು ಮಾರಾಯ. ಹದಿನಾಲ್ಕು ವರ್ಷದ ಹಿಂದೆ ನಾನು ಹೊರಟಾಗ ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಕುಚ್ಚಲಕ್ಕಿ ಸಿಗುತ್ತದಾ ಎಂದು.

ನಿನ್ನ ಪ್ರಶ್ನೆಗೆ ಉತ್ತರ, ಹೌದು, ಸಿಗುತ್ತದೆ. ಬಿಯರ್, ಅದನ್ನು ಮಾಡುವ ಸಾಮಾನು, ಎರಡೂ.

ಊರಲ್ಲಿ ಬಿಯರ್ ತರುವುದು ಹೇಗೆ ಅಂತ ನಿನಗೆ ಗೊತ್ತು. ವೈನ್ ಶಾಪಿನ ಕಟಕಟೆಯ ಎದುರು ನಿಂತು, ಆಚೆ ಈಚೆ ನೋಡಿ, ಪೇಪರಿನಲ್ಲಿ ಸುತ್ತಿಸಿಕೊಂಡು ಸ್ಕೂಟರಿನ ಡಿಕ್ಕಿಗೆ ಹಾಕುವುದು. ಅಷ್ಟರಲ್ಲಿ ಅಪ್ಪನ ಪರಿಚಯದ ಯಾರಾದರೂ ಒಬ್ಬರು ಅದೇ ರಸ್ತೆಯಲ್ಲಿ ಬಂದೇ ಬರುತ್ತಾರೆ. ಪೋರ್ಟ್‌ಲ್ಯಾಂಡಿನ ಮೊದಲ ವಾರ ನಾನು ಹಾಲು, ಮೊಟ್ಟೆ ತರಲು ಹೋದೆ. ಮೊಸರಿನ ಸಾಲು ದಾಟಿದ ಕೂಡಲೇ ಗೋಡೆಯುದ್ದಕ್ಕೂ ಬಿಯರ್. ಒಬ್ಬ ತಾಯಿ ಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು, ಡಯಾಪರ್ ಪ್ಯಾಕಿನ ಮೇಲೆ ಆರು ಬಾಟಲಿಯ ಒಂದು ಕಟ್ಟನ್ನು ಇಟ್ಟುಕೊಂಡು ಆರಾಮಾಗಿ ಹೋದಳು. ನಾನು ಮಾತ್ರ ಹಿಂದೆ ಮುಂದೆ ನೋಡಿದೆ. ಆ ಅಭ್ಯಾಸ ಹೋಗಲು ಒಂದು ವರ್ಷ ಬೇಕಾಯಿತು.

ಅಲ್ಲಿ ಬಿಯರ್, ವೈನ್ ದಿನಸಿ ಅಂಗಡಿಯಲ್ಲಿ. ವಿಸ್ಕಿ, ರಮ್ಮು ಬೇಕಾದರೆ ಸರ್ಕಾರದ ಲೆಕ್ಕದಲ್ಲಿ ನಡೆಯುವ ಬೇರೆ ಅಂಗಡಿ. ಇದು ಆರೆಗಾನ್ ರಾಜ್ಯದ ಮಾತು, ಪಕ್ಕದ ರಾಜ್ಯಕ್ಕೆ ಹೋದರೆ ನಿಯಮ ಬೇರೆ. 21 ವರ್ಷ ತುಂಬಿರಬೇಕು, ಪಾಸ್‌ಪೋರ್ಟ್ ಜೊತೆಗಿರಲಿ. ನನಗೆ ತಲೆ ಅರ್ಧ ಬೆಳ್ಳಗಾಗಿದೆ, ಈಗಲೂ ಕೆಲವು ಕ್ಯಾಶಿಯರುಗಳು ಗುರುತಿನ ಕಾರ್ಡ್ ಕೇಳುತ್ತಾರೆ. ಕೇಳಿದರೆ ಒಳಗೊಳಗೇ ಖುಷಿ, ಅದು ಬೇರೆ ವಿಷಯ. ಸೇಲ್ಸ್ ಟ್ಯಾಕ್ಸ್ ಆ ರಾಜ್ಯದಲ್ಲಿ ಇಲ್ಲ. ಆದರೆ ಪ್ರತಿ ಬಾಟಲಿಗೆ 10 ಸೆಂಟ್ ಠೇವಣಿ ಹಿಡಿಯುತ್ತಾರೆ, ಖಾಲಿ ಬಾಟಲಿ ಕೊಟ್ಟರೆ ವಾಪಸ್. ಬಾಟಲಿಗೆ ಠೇವಣಿ ಎಂಬ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದದ್ದೇ ಆರೆಗಾನ್, 1971ರಲ್ಲಿ. ನೀನು ಆ ಖಾಲಿ ಬಾಟಲಿಗಳನ್ನು ಕೊಡಬೇಡ, ತೊಳೆದು ಇಟ್ಟುಕೋ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಯಾವ ಬಿಯರ್ ಅಂತ ಕೇಳಿದರೆ, ಮೊದಲ ದಿನವೇ ಐಪಿಎಗೆ ಕೈ ಹಾಕಬೇಡ. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿ ನಮ್ಮ ಕಡೆ ಕಳಿಸುತ್ತಿದ್ದ ಬಿಯರಿಗೆ ಹಾಪ್ಸ್, ಅಂದರೆ ಕಹಿ ಕೊಡುವ ಒಂದು ಬಳ್ಳಿಯ ಹೂವು, ಜಾಸ್ತಿ ಹಾಕುತ್ತಿದ್ದರು, ಕೆಡದೇ ಇರಲಿ ಅಂತ. ಹೆಸರು ಬಂದದ್ದು ಹಾಗೆ. ನಾನು ಹೆಸರಲ್ಲಿ ಇಂಡಿಯಾ ಇದೆ ಎಂಬ ಅಭಿಮಾನಕ್ಕೆ ಎತ್ತಿಕೊಂಡೆ. ಒಂದು ಗುಟುಕು ಕುಡಿದೆ, ಸಾಕ್ಷಾತ್ ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ! ಕಷಾಯವಾದರೆ ಆಮೇಲೆ ಮೆಂತ್ಯದ ಗಂಜಿ ಇರುತ್ತದೆ, ಇದಕ್ಕೆ ಅದೂ ಇಲ್ಲ. ನೀನು ಸಿಯೆರಾ ನೆವಾಡಾ ಕಂಪನಿಯ ಪೇಲ್ ಏಲಿನಿಂದ ಶುರು ಮಾಡು, ಕಹಿ ಹದವಾಗಿದೆ. ಕಪ್ಪು ಬಿಯರ್ ಬೇಕೆಂದರೆ ಡೆಶೂಟ್ಸ್‌ನವರ ಬ್ಲ್ಯಾಕ್ ಬ್ಯೂಟ್ ಪೋರ್ಟರ್. ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ ಕುಡಿದು ಬೆಳೆದ ನಾಲಿಗೆಗೆ ಅದು ಬೇಗ ಹೊಂದುತ್ತದೆ.

ಈಗ ವೀಸಾ. ಮನೆಯಲ್ಲಿ ಕುಡಿಯಲು ಬಿಯರ್ ಮಾಡುವುದು ಅಲ್ಲಿ ತಪ್ಪಲ್ಲ. ಪಾನನಿಷೇಧ 1933ರಲ್ಲಿ ಹೋದ ಮೇಲೆ ಮನೆಯಲ್ಲಿ ವೈನ್ ಮಾಡಲು ಬಿಟ್ಟರು, ಬಿಯರಿಗೆ ಬಿಡಲಿಲ್ಲ. ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು 1978ರಲ್ಲಿ ಬಂತು, 1979ರಿಂದ ಮನೆಯ ಬಿಯರಿಗೂ ದಾರಿ ಆಯಿತು. ಒಬ್ಬನೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ದೊಡ್ಡವರಿದ್ದರೆ 200. ನೂರು ಗ್ಯಾಲನ್ ಅಂದರೆ ಸುಮಾರು 378 ಲೀಟರ್. ನೀನು ಅಷ್ಟು ಕುಡಿಯುವುದಾದರೆ ಹೋಗುವುದೇ ಬೇಡ, ಮನೆಯಲ್ಲೇ ಇರು. ಮಾರಬಾರದು, ಒಂದು ಬಾಟಲಿ ಕೂಡ. ಬಟ್ಟಿ ಇಳಿಸುವ ಯೋಚನೆಯಂತೂ ಬೇಡವೇ ಬೇಡ. ಗೇರುಹಣ್ಣಿನ ಫೆನ್ನಿ ನೆನಪಾದರೆ ನೆನಪು ಮಾಡಿಕೊಂಡು ಸುಮ್ಮನಿರು.

ವೀಸಾಕ್ಕೆ ನಿಜವಾದ ಅಪಾಯ ಇರುವುದು ಕಾರಿನಲ್ಲಿ. ಕುಡಿದು ಓಡಿಸಿ ಸಿಕ್ಕಿಬಿದ್ದರೆ, ಕೋರ್ಟು ತೀರ್ಪು ಬರುವ ಮೊದಲೇ ವೀಸಾ ರದ್ದಾಗಬಹುದು. ನಮ್ಮಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಅಲ್ಲಿ 80. ಸಡಿಲ ಅಂದುಕೊಳ್ಳಬೇಡ. ಅದಕ್ಕಿಂತ ಕಡಿಮೆ ಇದ್ದರೂ ಗಾಡಿ ಓಲಾಡಿದರೆ ಹಿಡಿಯುತ್ತಾರೆ. ಅಲ್ಲಿನ ಪೈಂಟ್ ಗ್ಲಾಸ್ 473 ಮಿಲಿ, ಕೆಲವು ಬಿಯರ್ ಶೇಕಡಾ 8ರ ಮೇಲೆ. ಎರಡು ಗ್ಲಾಸಿಗೇ ಕತೆ ಮುಗಿಯುತ್ತದೆ. ಮ್ಯಾಕ್ಸ್ ರೈಲು ಇದೆ, ಅದರಲ್ಲಿ ಹೋಗು.

ಇನ್ನು ಸಾಮಾನಿನ ವಿಷಯ. ಇದನ್ನು ಬರೆಯಲೆಂದೇ ನಾನು ಚಾರ್ಜ್ ಉಳಿಸಿಕೊಂಡು ಕೂತದ್ದು.

ಎಲ್ಲ ದಿನಸಿ ಅಂಗಡಿಯಲ್ಲೂ ಇರುವುದಿಲ್ಲ. ನನ್ನ ಮನೆಯ ಹತ್ತಿರದ ದೊಡ್ಡ ಅಂಗಡಿಯಲ್ಲಿ ಅಕ್ಕಿ, ಬೇಳೆ, ಓಟ್ಸ್ ಡಬ್ಬಗಳಿಂದ ಬೇಕಾದಷ್ಟು ತೂಗಿ ತೆಗೆದುಕೊಳ್ಳುವ ಸಾಲೊಂದಿದೆ. ಮಂಗಳೂರು ಬಂದರಿನ ಸಗಟು ಅಂಗಡಿಗಳಲ್ಲಿ ಗೋಣಿಚೀಲ ಬಾಯಿ ಬಿಡಿಸಿ ಸಾಲಾಗಿ ಇಟ್ಟಿರುತ್ತಾರಲ್ಲ, ಅದೇ ಲೆಕ್ಕ, ಗೋಣಿಯ ಬದಲು ಪ್ಲಾಸ್ಟಿಕ್ ಡಬ್ಬ. ರಾಜ್ಮಾ ಮುಗಿದ ಮೇಲೆ ಮಾಲ್ಟ್ ಶುರು. ಮಾಲ್ಟ್ ಅಂದರೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದದ್ದು. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡುವ ಮನೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಒಂದೆರಡು ಕಾಳು ಬಾಯಿಗೆ ಹಾಕಿ ನೋಡುತ್ತೇನೆ. ಬಿಳಿಯದು ಹುರಿಗಡಲೆಯ ಹಾಗೆ. ಕ್ರಿಸ್ಟಲ್ ಮಾಲ್ಟ್ ಕಚ್ಚಿದರೆ ಬೆಲ್ಲದ ಪಾಕ ಸ್ವಲ್ಪ ಜಾಸ್ತಿ ಕಾದ ರುಚಿ. ಕಪ್ಪಗಿನದು ತಳ ಹಿಡಿದ ಕಾಫಿ. ಅಲ್ಲೇ ಪುಡಿ ಮಾಡುವ ಗಿರಣಿಯೂ ಇದೆ, ನೀನೇ ತಿರುಗಿಸಬೇಕು. ಸಿಪ್ಪೆ ಒಡೆಯಬೇಕು, ಹಿಟ್ಟಾಗಬಾರದು.

ಹಾಪ್ಸ್ ಇರುವುದು ಫ್ರಿಡ್ಜಿನಲ್ಲಿ, 28 ಗ್ರಾಮಿನ ಸಣ್ಣ ಪ್ಯಾಕೆಟ್. ಹೂವನ್ನು ಪುಡಿ ಮಾಡಿ ಒತ್ತಿದ್ದು, ನೋಡಲು ದನಕ್ಕೆ ಹಾಕುವ ಹಿಂಡಿಯ ಹಸಿರು ತುಂಡಿನ ಹಾಗೆ. ಆದರೆ ಕ್ಯಾಸ್ಕೇಡ್ ಎಂಬ ಜಾತಿಯ ಪ್ಯಾಕೆಟ್ ಕತ್ತರಿಸಿ ಮೂಗಿನ ಹತ್ತಿರ ಹಿಡಿ. ಚಕ್ಕೋತ ಹಣ್ಣಿನ ಸಿಪ್ಪೆ ಸುಲಿದಾಗ ಕಣ್ಣಿಗೆ ಚಿಮ್ಮುತ್ತದಲ್ಲ, ಅದೇ ವಾಸನೆ. ಆ ತಳಿ ಬೆಳೆಸಿದ್ದು ಆರೆಗಾನಿನಲ್ಲೇ. ಒಂದು ಮಾತು, ಹಾಪ್ಸ್ ನಾಯಿಗೆ ವಿಷ. ರೂಮ್‌ಮೇಟ್ ನಾಯಿ ಸಾಕಿದ್ದರೆ ಚರಟ ಕೂಡ ಅದರ ಬಾಯಿಗೆ ಸಿಗದ ಹಾಗೆ ಎಸೆ.

ಆದರೆ ಇದನ್ನೆಲ್ಲ ನೋಡಿ ಮೊದಲ ಸಲವೇ ಕಾಳು ಪುಡಿ ಮಾಡಲು ಹೋಗಬೇಡ. ಮಾಲ್ಟ್ ಎಕ್ಸ್‌ಟ್ರಾಕ್ಟ್ ಅಂತ ಸಿಗುತ್ತದೆ, ಜೋನಿಬೆಲ್ಲದ ಹಾಗೆ ಅಂಟಂಟು. ಕಾಳಿನಿಂದ ಸಿಹಿ ತೆಗೆಯುವ ಅರ್ಧ ದಿನದ ಕೆಲಸವನ್ನು ಬೇರೆಯವರು ಮಾಡಿ ಡಬ್ಬದಲ್ಲಿ ಹಾಕಿದ್ದಾರೆ. ಅದು, 60 ಗ್ರಾಂ ಹಾಪ್ಸ್, 11 ಗ್ರಾಮಿನ ಒಂದು ಪ್ಯಾಕೆಟ್ ಯೀಸ್ಟ್ (ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಮಾಡುವ ಸೂಕ್ಷ್ಮಜೀವಿ), ಇಷ್ಟರಲ್ಲಿ 19 ಲೀಟರ್ ಬಿಯರ್ ಆಗುತ್ತದೆ. ಒಂದು ಗಂಟೆ ಕುದಿಸಬೇಕು. ಮೊದಲ ಹತ್ತು ನಿಮಿಷ ಒಲೆ ಬಿಟ್ಟು ಅಲ್ಲಾಡಬೇಡ, ಗಂಜಿ ಉಕ್ಕಿದ ಹಾಗೆ ಉಕ್ಕುತ್ತದೆ. ಆ ಅಂಟು ಒಲೆಯ ಸುರುಳಿಗೆ ಹಿಡಿದರೆ ವಾರಗಟ್ಟಲೆ ಸುಟ್ಟ ವಾಸನೆ. ಮತ್ತೆ ಬೇಗ ತಣಿಸಿ, ಬಕೆಟಿಗೆ ಸುರಿದು, ಯೀಸ್ಟ್ ಉದುರಿಸಿ, ಮುಚ್ಚಳಕ್ಕೆ ಏರ್‌ಲಾಕ್ ಸಿಕ್ಕಿಸುವುದು. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಗುಳುಕ್ ಗುಳುಕ್ ಶುರು. ಮಂಗಳೂರಿನಲ್ಲಿ ನಿನ್ನ ಪಕ್ಕದ ಮನೆಯ ಬಾಯಮ್ಮ ಕ್ರಿಸ್‌ಮಸ್‌ಗೆ ಭರಣಿಯಲ್ಲಿ ದ್ರಾಕ್ಷಿ ವೈನ್ ಇಡುತ್ತಾರೆ ಅಂತ ಬರೆದಿದ್ದೀಯಲ್ಲ, ಅವರು ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ, ಇಲ್ಲಿ ಏರ್‌ಲಾಕ್, ಅಷ್ಟೇ ವ್ಯತ್ಯಾಸ. ಅವರ ಇಡ್ಲಿಯಂಥ ಸನ್ನಾಸ್ ಉಬ್ಬುವುದೂ ಶೇಂದಿಯ ಯೀಸ್ಟಿನಿಂದಲೇ. ಹೊರಡುವ ಮುಂಚೆ ಅವರ ಹತ್ತಿರ ಒಂದು ದಿನ ಕೂತು ನೋಡು. ನಿನಗೆ ಯಾವ ವಿಡಿಯೋದಿಂದಲೂ ಸಿಗದ ಕೈಹದ ಸಿಗುತ್ತದೆ.

ನಾನು ಯಾರ ಹತ್ತಿರವೂ ಕೂರಲಿಲ್ಲ, ಅದಕ್ಕೆ ಅನುಭವಿಸಿದೆ. ಮೊದಲ ಸಲ ಎಲ್ಲ ಕೊಂಡೆ, ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಹೈಡ್ರೋಮೀಟರ್ ಒಂದನ್ನು ಬಿಟ್ಟು. ಹತ್ತು ಡಾಲರ್ ಸುಮ್ನೆ ಯಾಕೆ ಅಂತ. ಡಿಸೆಂಬರ್ ತಿಂಗಳು. ಆಫೀಸಿಗೆ ಹೋಗುವಾಗ ಕರೆಂಟ್ ಬಿಲ್ ಉಳಿಸಲು ಹೀಟರ್ ಆರಿಸುತ್ತಿದ್ದೆ. ಮೂರನೇ ದಿನಕ್ಕೆ ಗುಳುಕ್ ಸದ್ದು ನಿಂತಿತು. ಆಯಿತು ಅಂದುಕೊಂಡೆ. ಇನ್ನೂ ಒಂದು ವಾರ ಬಿಟ್ಟು ಬಾಟಲಿಗೆ ತುಂಬಿಸಿ, ಮುಚ್ಚಳ ಒತ್ತಿ, ಬಟ್ಟೆಯ ಕಪಾಟಿನ ಕೆಳಗೆ ಇಟ್ಟೆ. ನಿಜ ಏನೆಂದರೆ ಯೀಸ್ಟ್ ಚಳಿಗೆ ಮಲಗಿತ್ತು, ಸಕ್ಕರೆ ಹಾಗೇ ಉಳಿದಿತ್ತು. ಏಪ್ರಿಲಿನಲ್ಲಿ ಬಿಸಿಲು ಬಂತು, ಯೀಸ್ಟ್ ಎದ್ದಿತು. ಒಂದು ರಾತ್ರಿ ಎರಡು ಗಂಟೆಗೆ ಢಮ್. ಹತ್ತು ನಿಮಿಷ ಬಿಟ್ಟು ಮತ್ತೊಂದು. ದೀಪಾವಳಿಯ ಬೆಳ್ಳುಳ್ಳಿ ಪಟಾಕಿಯ ಸದ್ದು. ಕೆಳಗಿನ ಮನೆಯವರು ಗುಂಡಿನ ಸದ್ದು ಅಂದುಕೊಂಡು ಪೊಲೀಸರನ್ನು ಕರೆದರು. ಪೊಲೀಸ್ ಬಂದು ಕಪಾಟು ನೋಡಿ, ಗಾಜಿನ ಚೂರು ನೋಡಿ, ನನ್ನ ಮುಖ ನೋಡಿ, "ಎಷ್ಟು ಸಕ್ಕರೆ ಹಾಕಿದೆ?" ಅಂತ ಕೇಳಿದ. ಅವನೂ ಮನೆಯಲ್ಲಿ ಮಾಡುವವನೇ! ಮನೆ ಮಾಲೀಕನಿಗೆ ಮಾತ್ರ ನಗು ಬರಲಿಲ್ಲ. ಕಾರ್ಪೆಟ್ಟಿನ ಲೆಕ್ಕದಲ್ಲಿ ಅಡ್ವಾನ್ಸಿನಿಂದ 300 ಡಾಲರ್ ಹಿಡಿದ.

ಹಾಗಾಗಿ ಮೊದಲು ಕೊಳ್ಳಬೇಕಾದದ್ದು ಹೈಡ್ರೋಮೀಟರ್. ನಮ್ಮೂರ ಹಾಲಿನ ಸೊಸೈಟಿಯಲ್ಲಿ ಹಾಲಿಗೆ ನೀರು ಹಾಕಿದ್ದಾರಾ ಅಂತ ನೋಡಲು ಗಾಜಿನ ಕಡ್ಡಿ ಬಿಡುತ್ತಾರಲ್ಲ, ಅದರದೇ ತಮ್ಮ. ನೀರಿನಲ್ಲಿ 1.000 ತೋರಿಸುತ್ತದೆ. ಯೀಸ್ಟ್ ಹಾಕುವ ಮೊದಲು 1.050ರ ಆಸುಪಾಸು ಇರುತ್ತದೆ, ಸಕ್ಕರೆ ಕರಗಿದೆ ಅಂತ ಅರ್ಥ. ಮುಗಿದಾಗ 1.010ರ ಹತ್ತಿರ ಇಳಿದಿರಬೇಕು. ಮೂರು ದಿನ ಬಿಟ್ಟು ಬಿಟ್ಟು ನೋಡು. ಅಂಕಿ ಬದಲಾಗದಿದ್ದರೆ ಮಾತ್ರ ಬಾಟಲಿಗೆ ತುಂಬಿಸು. ಆಗ 19 ಲೀಟರಿಗೆ ಸುಮಾರು 120 ಗ್ರಾಂ ಸಕ್ಕರೆ ಸಾಕು, ಗ್ಯಾಸ್ ಅದರಿಂದಲೇ ಬರುತ್ತದೆ. ಎರಡನೆಯದು ಸ್ಯಾನಿಟೈಸರ್, ಸ್ಟಾರ್ ಸ್ಯಾನ್ ಒಳ್ಳೆಯದು. ಬಕೆಟ್, ಪೈಪ್, ಚಮಚ, ಬಾಟಲಿ, ಕುದಿಸಿದ ಮೇಲೆ ತಾಗುವ ಎಲ್ಲವೂ ಅದರಲ್ಲಿ ಮುಳುಗಬೇಕು. ಬಾಟಲಿ ಕಂದು ಬಣ್ಣದ್ದು, ಓಪನರ್‌ನಿಂದ ಎಬ್ಬಿಸುವ ಮುಚ್ಚಳದ್ದು ಇರಲಿ, ತಿರುಗಿಸಿ ತೆಗೆಯುವಂಥದ್ದು ಬೇಡ. 355 ಮಿಲಿಯದ್ದು ಐವತ್ತರ ಆಸುಪಾಸು ಬೇಕಾಗುತ್ತದೆ. ಠೇವಣಿ ಬಾಟಲಿ ಇಟ್ಟುಕೋ ಎಂದದ್ದು ಇದಕ್ಕೇ. ನಮ್ಮ ಅಮ್ಮಂದಿರು ಹಾರ್ಲಿಕ್ಸ್ ಬಾಟಲಿ ಎಸೆಯದೆ ಅಟ್ಟದಲ್ಲಿ ಇಟ್ಟಿರುತ್ತಾರಲ್ಲ, ಹಾಗೆ.

ಮರುವರ್ಷ ಚಳಿಗಾಲದಲ್ಲಿ ಅಮ್ಮ ಬಂದಿದ್ದರು. ಬಕೆಟ್ಟಿನಲ್ಲಿ ಏನಿದೆ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ವಾಸನೆಗೇ ಗೊತ್ತಾಗಿರಬೇಕು. ಒಂದು ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಬಕೆಟ್ಟಿಗೆ ಅವರ ಹಳೇ ಶಾಲು ಸುತ್ತಿದೆ, ಅಡಿಯಲ್ಲಿ ಮಡಚಿದ ಕಂಬಳಿ. "ಚಳಿಗೆ ದೋಸೆ ಹಿಟ್ಟೇ ಉಬ್ಬುವುದಿಲ್ಲ, ಇದು ಉಬ್ಬುತ್ತದಾ?" ಅಷ್ಟೇ ಹೇಳಿ ಒಳಗೆ ಹೋದರು. ಒಂದು ಹನಿ ಬಾಯಿಗಿಟ್ಟವರಲ್ಲ. 18ರಿಂದ 20 ಡಿಗ್ರಿ ಎಂದು ಪುಸ್ತಕ ಓದಿ ನಾನು ಕಲಿತದ್ದನ್ನು ಅವರು ಶಾಲಿನಲ್ಲಿ ಮಾಡಿದ್ದರು. ಜಾಸ್ತಿ ಬೆಚ್ಚಗಾದರೂ ಕಷ್ಟ. ಹೀಟರಿನ ಪಕ್ಕ ಇಟ್ಟ ಒಂದು ಬ್ಯಾಚು ಕೊಳೆತ ಬಾಳೆಹಣ್ಣಿನ ವಾಸನೆ ಬಂದು, ಕುಡಿದವರಿಗೆಲ್ಲ ತಲೆನೋವು ಕೊಟ್ಟಿತು.

ಖರ್ಚು ಕೇಳುತ್ತೀಯಲ್ಲ. ಮೊದಲ ಸಲ ಎಲ್ಲ ಸೇರಿ ನನಗೆ 140 ಡಾಲರಿನಷ್ಟಾಯಿತು, ಕಾರ್ಪೆಟ್ ಬಿಟ್ಟು. ದುಡ್ಡು ಉಳಿಸಲು ಅಂತ ಇದಕ್ಕೆ ಇಳಿಯಬೇಡ, ಉಳಿಯುವುದಿಲ್ಲ.

ಬಕೆಟ್, ಏರ್‌ಲಾಕ್, ಮುಚ್ಚಳ ಒತ್ತುವ ಯಂತ್ರ ನೀನು ಕೊಳ್ಳಬೇಡ, ನನ್ನ ಗ್ಯಾರೇಜಿನಲ್ಲಿ ಇನ್ನೊಂದು ಜೊತೆ ಇದೆ. ಸೆಪ್ಟೆಂಬರ್ ಮೊದಲ ವಾರ ನಾನು ವಾಪಸ್ಸು, ಬಂದು ತೆಗೆದುಕೊಂಡು ಹೋಗು. ಅಕ್ಕಿ ಮಾತ್ರ ತರಬೇಡ, ಖಾಪ್ರಾ ಎಂಬ ಹುಳದ ಭಯಕ್ಕೆ ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ಹಲಸಿನ ಹಪ್ಪಳ ಎರಡು ಕಟ್ಟು ತಾ. ನನ್ನ ಸೂಟ್‌ಕೇಸಿನಲ್ಲಿ ಅಮ್ಮ ಆಗಲೇ ಉಪ್ಪಿನಕಾಯಿ ತುಂಬಿಸಿ ಆಗಿದೆ.