ಕಾಸರಗೋಡಿನ ಪಿನ್‌ಕೋಡ್ ಅವಿಭಾಜ್ಯವಾ?

ಪ್ರಶ್ನೆ: ಮನೆಗೆ ಅಂಚೆಯಲ್ಲಿ ಬರುವ ಪತ್ರಿಕೆಯ ಮೇಲೆ 671121 ಅಂತ ಪಿನ್‌ಕೋಡ್ ಇರುತ್ತದೆ. ಅದು 1ರಲ್ಲಿ ಮುಗಿಯುವುದರಿಂದ ಅವಿಭಾಜ್ಯ ಸಂಖ್ಯೆಯೇ ಅಂತಾಳೆ ಏಳನೇ ಕ್ಲಾಸಿನ ಮಗಳು. ಹೌದಾ? ಅದರಲ್ಲಿ ಬೇರೇನಾದರೂ ವಿಶೇಷ ಇದೆಯಾ?
– ಓದುಗರು, ಕಾಸರಗೋಡು

ಉತ್ತರ: ಅಲ್ಲ. 21 ಕೂಡ 1ರಲ್ಲೇ ಮುಗಿಯುತ್ತದೆ ಅಲ್ವಾ? ಕೊನೆಯ ಅಂಕಿ ನೋಡಿದರೆ 2 ಮತ್ತು 5ರ ವಿಷಯ ಮಾತ್ರ ಗೊತ್ತಾಗುತ್ತದೆ, 3, 9, 11ಕ್ಕೆ ಅಂಕಿಗಳನ್ನು ಕೂಡಿಸಬೇಕು.

ಕೂಡಿಸಿದರೆ 18. ಹಾಗಾಗಿ 9ರಿಂದ ಭಾಗವಾಗುತ್ತದೆ. (ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಅಲ್ಲಿನ 575001ರ ಮೊತ್ತವೂ 18!) ಇನ್ನು ಒಂದು ಬಿಟ್ಟು ಒಂದು ಅಂಕಿ ಕೂಡಿಸಿ: 6, 1, 2 ಸೇರಿ 9, ಉಳಿದ 7, 1, 1 ಸೇರಿಯೂ 9. ಎರಡೂ ಮೊತ್ತ ಒಂದೇ ಆದರೆ 11ರಿಂದಲೂ ಭಾಗವಾಗುತ್ತದೆ. ಮಂಗಳೂರಿನದಕ್ಕೆ ಈ ಭಾಗ್ಯ ಇಲ್ಲ. 9 ಮತ್ತು 11 ತೆಗೆದರೆ ಉಳಿಯುವುದು 6779. ಇದು ಮಾತ್ರ ಹಠಮಾರಿ. 83ರ ವರ್ಗ 6889 ಆಗುವುದರಿಂದ 79ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ನಾನು ಕೂತು ನೋಡಿದೆ, ಒಂದೂ ಹೋಗಲಿಲ್ಲ. ಅಂದರೆ ಮಗಳು ಹುಡುಕುತ್ತಿದ್ದ ಅವಿಭಾಜ್ಯ ಸಂಖ್ಯೆ ಒಳಗೇ ಅಡಗಿ ಕೂತಿದೆ.

671121ಕ್ಕೆ ಒಟ್ಟು 12 ಅಪವರ್ತನಗಳಿವೆ. ಸಂಖ್ಯೆಯನ್ನೇ ಬಿಟ್ಟು ಉಳಿದ ಹನ್ನೊಂದನ್ನು ಕೂಡಿಸಿದರೆ 386559, ಅಂದರೆ ಸಂಖ್ಯೆಗಿಂತ ಕಡಿಮೆ. ಇಂಥದ್ದು ಕೊರತೆಯ ಸಂಖ್ಯೆ. 28ರ ಹಾಗೆ ಸರಿಯಾಗಿ ಅಷ್ಟೇ ಬಂದರೆ ಪರಿಪೂರ್ಣ ಸಂಖ್ಯೆ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗೆ ಹರ್ಷದ ಅಂತ ಹೆಸರಿಟ್ಟವರು ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ಡಿ. ಆರ್. ಕಾಪ್ರೇಕರ್. ಬೆಸ ಸಂಖ್ಯೆಯನ್ನು 18ರಿಂದ ಭಾಗಿಸಲು ಆಗುವುದಿಲ್ಲವಲ್ಲ, ಹಾಗಾಗಿ ನಿಮ್ಮದು ಹರ್ಷದ ಅಲ್ಲ.

ಆದರೆ ಅದೇ ಮೇಷ್ಟರ ಇನ್ನೊಂದು ಆಟದಲ್ಲಿ ಇದು ಚೆನ್ನಾಗಿ ಓಡುತ್ತದೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಅದನ್ನೇ ತಿರುಗಿಸಿ ಬರೆದದ್ದನ್ನು ಕಳೆಯಿರಿ: 762111ರಿಂದ 111267 ಕಳೆದರೆ 650844. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಿ. ನಾಲ್ಕಂಕಿಯಾದರೆ, ಎಲ್ಲ ಅಂಕಿಯೂ ಒಂದೇ ಆಗಿಲ್ಲದಿದ್ದರೆ, 6174ಕ್ಕೆ ಬಂದು ನಿಲ್ಲುತ್ತದೆ. ಆರಂಕಿಯ ನಿಮ್ಮ ಪಿನ್‌ಕೋಡ್ ನಿಲ್ಲುವುದೇ ಇಲ್ಲ! ಏಳನೇ ಸಲಕ್ಕೆ 420876 ಬರುತ್ತದೆ, ಅಲ್ಲಿಂದ 851742, 750843, 840852, 860832, 862632, 642654, ಮತ್ತೆ 420876. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ.

ಮಗಳಿಂದ ಕ್ಯಾಲ್ಕುಲೇಟರ್ ಇಲ್ಲದೆ ಮಾಡಿಸಿ. ಬಂದ ಉತ್ತರದ ಅಂಕಿಗಳ ಮೊತ್ತ 9ರಿಂದ ಭಾಗವಾಗದಿದ್ದರೆ ಕಳೆಯುವಾಗ ದಶಕ ತೆಗೆದುಕೊಳ್ಳುವುದರಲ್ಲಿ ಎಲ್ಲೋ ತಪ್ಪಿದ್ದಾಳೆ ಅಂತ ತಿಳಿಯಿರಿ.